ವೆಸ್ಲಿಯ ಪರವಾಗಿ ಮಗಳಿಗೊಂದು ಪತ್ರ

ಧಾರವಾಡ

ಪ್ರೀತಿಯ ಮಗಳಿಗೆ ಅಪ್ಪನ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಅವ್ವ ಕಳಿಸಿದ ಶೇಂಗಾ ಹಿಂಡಿ, ಪೇಢೆ ಮುಟ್ಟಿರಬೇಕು. ಧಾರಾವಾಹಿಯಲ್ಲಿ ವೆಸ್ಲಿಯನ್ನು ಗೆಳೆಯರೆಲ್ಲ ದೂರ ಮಾಡಿದ್ದಕ್ಕೆ ರವಿವಾರ ಫೋನಿನಲ್ಲಿ ನೀನು "ವೆಸ್ಲಿಗೆ ಹಾಗೇ ಆಗಬೇಕಿತ್ತು" ಎಂದು ಮಾತು ಮುಗಿಸಿಬಿಟ್ಟೆ. ನನಗೆ ಮುಗಿಯಲಿಲ್ಲ. ಬಾಯಿಮಾತಿನ ವಾದದಲ್ಲಿ ನೀನೇ ಗೆಲ್ಲುತ್ತೀ, ಅದಕ್ಕೇ ಕಾಗದ ಹಿಡಿದಿದ್ದೇನೆ.

‘ಏಂಜೆಲ್’ ಧಾರಾವಾಹಿಯ ಹುಚ್ಚು ಹಚ್ಚಿದವಳು ನೀನೇ. 1999ರಿಂದ 2004ರವರೆಗೆ ಅಮೆರಿಕದಲ್ಲಿ ಪ್ರಸಾರವಾದ, ಏಂಜೆಲ್ ಎಂಬ ರಕ್ತಪಿಶಾಚಿಯೇ ನಾಯಕನಾಗಿರುವ ಕಥೆಯನ್ನು ಈ ವಯಸ್ಸಿನಲ್ಲಿ ನೋಡುತ್ತೇನೆಂದರೆ ಮಾಳಮಡ್ಡಿಯ ನನ್ನ ಗೆಳೆಯರು ನಗುತ್ತಾರೆ. ನಗಲಿ. ನನ್ನನ್ನು ಹಿಡಿದು ಕೂರಿಸಿದವನು ನಾಯಕನಲ್ಲ, ಹಳೆಯ ಗ್ರಂಥಗಳ ಮುಂದೆ ರಾತ್ರಿ ಕಳೆಯುವ ಅವನ ಜೊತೆಗಾರ ವೆಸ್ಲಿ. ಓಲೆಯ ಮೇಲೆ ಮಸಿ ಸವರಿ, ಬಟ್ಟೆಯಿಂದ ಒರೆಸಿ, ಕೊರೆದ ಗೆರೆಗಳಲ್ಲಿ ಉಳಿದ ಕಪ್ಪಿನಿಂದ ಅಕ್ಷರ ಮೇಲೇಳುವುದನ್ನು ಕಾಯುತ್ತ ನೌಕರಿ ಮುಗಿಸಿದ ನನ್ನಂಥವನಿಗೆ ಬೇರೆ ಯಾರು ಇಷ್ಟವಾದಾರು?

ಅವನು ವಿಚಾರಿಸದೆ ಏಂಜೆಲ್‌ನ ಮಗುವನ್ನು ಹೊತ್ತೊಯ್ದ ಎಂದೆಯಲ್ಲ, ಅದು ಅನ್ಯಾಯದ ಮಾತು. ತಂದೆಯೇ ಮಗನನ್ನು ಕೊಲ್ಲುತ್ತಾನೆಂಬ ಭವಿಷ್ಯವಾಣಿ ಓಲೆಯಲ್ಲಿ ಸಿಕ್ಕಾಗ ಅವನು ನಂಬಲಿಲ್ಲ. ಬರ್ಗರ್ ಅಂಗಡಿಯ ಮುಂದಿನ ದೈತ್ಯ ಬೊಂಬೆಯೊಳಗಿಂದ ಮಾತಾಡುವ ದೈವದ ಬಳಿಗೂ ಹೋಗಿ ಕೇಳಿದ. ಅಲ್ಲಿ ನೀನು ಬಿದ್ದು ಬಿದ್ದು ನಕ್ಕೆ. ದೇವರಗುಡ್ಡದಲ್ಲಿ ಗೊರವಯ್ಯ ಬಿಲ್ಲನ್ನೇರಿ ಒಂದು ಸಾಲಿನ ಕಾರಣಿಕ ನುಡಿದರೆ ಹಾವೇರಿ ಜಿಲ್ಲೆಯ ರೈತರು ಅದರಲ್ಲಿ ಮಳೆಯನ್ನು, ರಾಜಕಾರಣಿಗಳು ತಮ್ಮ ಕುರ್ಚಿಯನ್ನು ಹುಡುಕುವುದಿಲ್ಲವೇ? ಆ ದೈವ ಹೇಳಿದ್ದು ಮೂರು ಕುರುಹು: ಭೂಕಂಪ, ಬೆಂಕಿ, ರಕ್ತ. ಮೂರೂ ಕಣ್ಣೆದುರೇ ಬಂದವು. ಕೊನೆಯ ಹನಿ ಏಂಜೆಲ್‌ನ ಗಾಯದಿಂದ ಮಗುವಿನ ಹೊದಿಕೆಯ ಮೇಲೇ ಬಿತ್ತು. ಅತ್ತ ಶತ್ರುಗಳು ಏಂಜೆಲ್ ಕುಡಿಯುವ ರಕ್ತದಲ್ಲಿ ಕೂಸಿನ ರಕ್ತವನ್ನೇ ಬೆರೆಸಿದ್ದರಿಂದ ಅವನ ನಡತೆಯೂ ಕೆಟ್ಟಿತ್ತು. ಇಷ್ಟಾದ ಮೇಲೆ ನಾನಾಗಿದ್ದರೂ ಮಗುವನ್ನು ಎತ್ತಿಕೊಂಡು ಓಡುತ್ತಿದ್ದೆ.

ಆದರೆ ಓಲೆಯೇ ತಿದ್ದಿದ ಓಲೆ. ಆ ಮಗು ಬೆಳೆದು ತನ್ನನ್ನು ಕೊಲ್ಲುತ್ತದೆಂಬ ಮೂಲ ಪಾಠವನ್ನು ಸಾಹ್ಜಾನ್ ಎಂಬ ರಾಕ್ಷಸ ಹಿಂದಿನ ಕಾಲಕ್ಕೆ ಹೋಗಿ ಬದಲಿಸಿದ್ದ. ಇದು ನಮ್ಮ ಕಸುಬಿನ ಹಳೆಯ ಭಯ. ಐದು ಪ್ರತಿಗಳನ್ನು ಹೋಲಿಸಿ ಐದೂ ಒಂದೇ ಮಾತು ಹೇಳಿದವೆಂದು ಹಿಗ್ಗುತ್ತೇವೆ. ಐದೂ ಒಂದೇ ಕೆಟ್ಟ ಮಾತೃಪ್ರತಿಯಿಂದ ಇಳಿದಿದ್ದರೆ ತಪ್ಪೂ ಐದು ಸಲ ಸಾಕ್ಷಿ ನುಡಿಯುತ್ತದೆ. ನಮ್ಮ ಧಾರವಾಡದಲ್ಲೇ ಹುಟ್ಟಿದ ಫ. ಗು. ಹಳಕಟ್ಟಿಯವರು ಓಲೆಕಟ್ಟುಗಳನ್ನು ಹುಡುಕಿ ಹುಡುಕಿ ತಂದು 1923ರಲ್ಲಿ ವಚನಗಳನ್ನು ಅಚ್ಚು ಹಾಕಿಸಿದರು. ಅವುಗಳಲ್ಲಿ ಯಾವುದು ಶರಣರದು, ಯಾವುದು ನಂತರ ಸೇರಿಸಿದ್ದು ಎಂಬ ಜಗಳ ವಿದ್ವಾಂಸರಲ್ಲಿ ಇನ್ನೂ ಹರಿದಿಲ್ಲ. ನಮ್ಮ ಹಳೆಯ ಲಿಪಿಕಾರರು ಜಾಣರು: ಕಂಡಂತೆ ಬರೆದಿದ್ದೇನೆ, ತಪ್ಪಿದ್ದರೆ ದೋಷ ನನ್ನದಲ್ಲ ಎಂದು ಕೊನೆಯಲ್ಲಿ ಬರೆದು ಕೈ ತೊಳೆದುಕೊಳ್ಳುತ್ತಿದ್ದರು. ವೆಸ್ಲಿಗೆ ಆ ಸೌಕರ್ಯವಿರಲಿಲ್ಲ.

ಅವನ ತಪ್ಪು ಇಲ್ಲವೆನ್ನುವುದಿಲ್ಲ. ಒಬ್ಬನೇ ಓದಿದ, ಒಬ್ಬನೇ ನಿರ್ಧರಿಸಿದ. ಜೊತೆಗಾರರಾದ ಗನ್‌ಗಾಗಲಿ ಫ್ರೆಡ್‌ಗಾಗಲಿ ಒಂದು ಮಾತು ಹೇಳಿದ್ದರೆ ಕೂಸು ಉಳಿಯುತ್ತಿತ್ತೋ ಏನೋ. ಅದಕ್ಕೆ ಅವನು ತೆತ್ತದ್ದೂ ಕಡಿಮೆಯಲ್ಲ: ಉದ್ಯಾನದಲ್ಲಿ ಅವನ ಕತ್ತು ಕೊಯ್ದು ಮಗುವನ್ನು ಕಸಿದುಕೊಂಡರು.

ಆಸ್ಪತ್ರೆಯ ದೃಶ್ಯವನ್ನು ಇನ್ನೊಮ್ಮೆ ನೋಡು. ಏಂಜೆಲ್ ಮಂಚದ ಪಕ್ಕ ನಿಂತು, ನೀನೇಕೆ ಹೀಗೆ ಮಾಡಿದೆ ಎಂಬುದು ನನಗೆ ತಿಳಿಯುತ್ತದೆ ಎಂದು ತಣ್ಣಗೆ ಹೇಳುತ್ತಾನೆ. ಮರುಕ್ಷಣ ದಿಂಬನ್ನು ಎತ್ತಿ ಅವನ ಮುಖಕ್ಕೆ ಒತ್ತುತ್ತಾನೆ. ಗಂಟಲು ಹೋದವನು ಕೂಗುವುದಾದರೂ ಹೇಗೆ? ಆದರೂ ಏಂಜೆಲ್ ಮೇಲೆ ನನಗೆ ಸಿಟ್ಟಿಲ್ಲ. ಮಗನನ್ನು ಕಳೆದುಕೊಂಡವನ ಕೈ ಎಲ್ಲಿಗೆ ಹೋಗುತ್ತದೆಂದು ಯಾರು ಹೇಳಬಲ್ಲರು? ನನ್ನ ಸಿಟ್ಟೆಲ್ಲ ಉಳಿದವರ ಮೇಲೆ. ಅವರಿಗೆ ಅವನ ಟಿಪ್ಪಣಿಗಳಿಂದ ಕಾರಣ ಗೊತ್ತಾಗಿತ್ತು. ಅಷ್ಟು ತಿಳಿದ ಮೇಲೂ ಫ್ರೆಡ್ ಅವನ ಸಾಮಾನುಗಳನ್ನು ಡಬ್ಬಿಯಲ್ಲಿ ತುಂಬಿ ತಂದಿಟ್ಟು, ಮತ್ತೆ ಬರಬೇಡ ಎಂದಳು. ಭವಿಷ್ಯವಾಣಿ ಸುಳ್ಳೆಂಬ ಸುದ್ದಿಯನ್ನು ಅವನು ಕೇಳಿದ್ದೂ ಅವಳ ಬಾಯಿಂದಲೇ, ಉತ್ತರ ಕೊಡಲಾಗದ ಹೊತ್ತಿನಲ್ಲಿ. ಗನ್ ಅವನ ಬಾಗಿಲು ತಟ್ಟಿದ್ದು ಫ್ರೆಡ್‌ಳ ಪ್ರಾಣಕ್ಕೆ ಬಂದಾಗ. ವೆಸ್ಲಿ ಉಪಾಯ ಹೇಳಿಕೊಟ್ಟು, ಇನ್ನು ಬರಬೇಡ ಎಂದು ಕಳಿಸಿದನಲ್ಲ, ಅಲ್ಲಿ ನಾನು ಚಪ್ಪಾಳೆ ತಟ್ಟಿದೆ. ನಿನ್ನ ಅವ್ವ ಅಡುಗೆಮನೆಯಿಂದ ಇಣುಕಿದಳು. ಮುಂದೆ ಸಮುದ್ರದ ತಳದಲ್ಲಿ ಪೆಟ್ಟಿಗೆಯೊಳಗೆ ಬಿದ್ದಿದ್ದ ಏಂಜೆಲ್‌ನನ್ನು ಮೇಲೆತ್ತಿ, ತನ್ನ ತೋಳು ಕೊಯ್ದುಕೊಂಡು ರಕ್ತ ಕುಡಿಸಿದವನೂ ಈ ದ್ರೋಹಿಯೇ.

ನಿನ್ನ ಕೋಣೆಯ ಹುಡುಗಿ ಗೆಳತಿಯೊಬ್ಬಳ ಗುಟ್ಟನ್ನು ಅವಳ ಮನೆಯವರಿಗೆ ತಿಳಿಸಿದಳೆಂದು ನೀವೆಲ್ಲ ಅವಳೊಂದಿಗೆ ಊಟ ಬಿಟ್ಟಿದ್ದೀರಿ ಎಂದೆಯಲ್ಲ. ಅದರಲ್ಲಿ ಸರಿ ಯಾರದೆಂದು ಇಲ್ಲಿ ಕುಳಿತು ನಾನು ಹೇಳಲಾರೆ. ಏಕೆ ತಿಳಿಸಿದೆ ಎಂದು ಅವಳನ್ನು ಯಾರಾದರೂ ಕೇಳಿದಿರಾ? ಕೇಳಿ, ಉತ್ತರ ಮುಗಿಯುವವರೆಗೆ ಕುಳಿತಿದ್ದಿರಾ?

ಇನ್ನೊಂದು. ಏಂಜೆಲ್ ಕೊನೆಗೆ, ಬೆಳೆದು ಮರಳಿ ಬಂದ ಮಗನ ಒಳ್ಳೆಯದಕ್ಕಾಗಿ ಎಲ್ಲರ ನೆನಪನ್ನೂ ಅಳಿಸಿಬಿಟ್ಟ. ಅದನ್ನು ನೀನು ಕ್ಷಮೆ ಎನ್ನುತ್ತೀ. ನನ್ನ ಲೆಕ್ಕದಲ್ಲಿ ಅದು ಇನ್ನೊಂದು ತಿದ್ದುಪಡಿ, ಸಾಹ್ಜಾನ್ ಮಾಡಿದ್ದಕ್ಕಿಂತ ಬೇರೆಯಲ್ಲ. ಐದನೆಯ ವರ್ಷದಲ್ಲಿ ಆ ನೆನಪುಗಳನ್ನು ಹಿಡಿದಿಟ್ಟಿದ್ದ ಗಾಜನ್ನು ಒಡೆದವನು ಯಾರು? ವೆಸ್ಲಿಯೇ. ಒಳಗಿದ್ದ ಮೂಲ ಪಾಠದಲ್ಲಿ ಅಪರಾಧಿ ತಾನೇ ಆಗಿದ್ದ. ಇದಕ್ಕೆ ನಿನ್ನ ಉತ್ತರ ಬೇಕು. ಗನ್‌ನ ಪಕ್ಷ ವಹಿಸುವುದಾದರೆ ಸಾಕ್ಷಿ ಸಮೇತ ಬರೆ, ಫೋನು ಮಾಡಬೇಡ.

ಇಂತಿ ನಿನ್ನ
ಅಪ್ಪ