ಮಳೇಲಿ ನಡೆದ ನಿಮ್ಮೆಲ್ರಿಗೂ, ಅಮ್ಮನ ಕಡೆಯಿಂದ

ಎಲ್ರಿಗೂ ನಮಸ್ಕಾರ. ಜೂನ್ 21 ಅಂದ್ರೆ ಯೋಗ ದಿನ ಅಂತ ಊರಿಗೆಲ್ಲಾ ಗೊತ್ತು, ಅದೇ ದಿನ ಮೋಟಾರ್ ನ್ಯೂರಾನ್ ಕಾಯಿಲೆ (ಎಂಎನ್‌ಡಿ) ಬಗ್ಗೆ ಜಾಗೃತಿ ಮೂಡಿಸೋ ದಿನ ಕೂಡ ಅಂತ ಎರಡು ವರ್ಷದ ಹಿಂದೆ ನಂಗೂ ಗೊತ್ತಿರ್ಲಿಲ್ಲ. ಈ ಸಲ ನಮ್ ಶಿವಮೊಗ್ಗದ ಮಳೇಲಿ ಛತ್ರಿ ಹಿಡ್ಕೊಂಡು ನೆಹರು ಸ್ಟೇಡಿಯಂ ಹತ್ರದಿಂದ ತುಂಗಾ ಸೇತುವೆ ತನಕ 60 ಜನ ನಡೆದ್ರಿ, ಬರೋಕಾಗ್ದೇ ಇದ್ದೋರು ದುಡ್ಡು ಕಳಿಸಿದ್ರಿ, ಒಟ್ಟು 1,42,000 ರೂಪಾಯಿ ಸೇರಿದೆ. ಅಮ್ಮ ಕಾರಲ್ಲಿ ಕೂತು ಕಿಟಕಿಯಿಂದ ಎಲ್ಲಾ ನೋಡಿದ್ಲು.

ಅಮ್ಮಂಗೆ ಇದು ಶುರುವಾಗಿದ್ದು ಮಾತಿಂದ. ಫೋನಲ್ಲಿ ಮಾತು ತೊದಲೋಕೆ ಶುರುವಾಯ್ತು, ಸಣ್ಣ ಲಕ್ವಾ ಇರ್ಬೇಕು ಅಂದ್ರು ಒಬ್ರು, ಹಲ್ ಸೆಟ್ ಸರಿಯಿಲ್ಲ ಅಂದ್ರು ಇನ್ನೊಬ್ರು, ಗಂಟಲು ಡಾಕ್ಟ್ರು, ಹಲ್ಲಿನ ಡಾಕ್ಟ್ರು, ಹರಕೆ, ಹೀಗೇ 8 ತಿಂಗಳು ಹೋಯ್ತು. ಕೊನೆಗೆ ರಾತ್ರಿ ಟ್ರೈನಲ್ಲಿ ಬೆಂಗಳೂರಿಗೆ ಹೋಗಿ ನಿಮ್ಹಾನ್ಸಲ್ಲಿ ತೋರಿಸಿದಾಗ ಡಾಕ್ಟ್ರು ನಾಲಿಗೆ ನೋಡಿದ್ರು, ಸುಮ್ನಿದ್ರೂ ಅದ್ರೊಳಗೆ ಹುಳ ಹರಿದಂಗೆ ಅದುರ್ತಿತ್ತು. ಆಮೇಲೆ ನರ, ಸ್ನಾಯು ಹೇಗೆ ಕೆಲಸ ಮಾಡ್ತಿವೆ ಅಂತ ಸೂಜಿ ಚುಚ್ಚಿ ನೋಡೋ ಇಎಂಜಿ ಟೆಸ್ಟ್. ಮೆದುಳು ಮತ್ತೆ ಬೆನ್ನುಹುರಿಯಿಂದ ಸ್ನಾಯುಗಳಿಗೆ ಕೆಲಸ ಹೇಳೋ ನರಕೋಶಗಳು ಒಂದೊಂದೇ ಸಾಯ್ತಾ ಹೋಗ್ತವೆ, ಹೇಳೋರಿಲ್ದೆ ಸ್ನಾಯು ಸೊರಗುತ್ತೆ, ಅದೇ ಈ ಕಾಯಿಲೆ. ಅಂಟುರೋಗ ಅಲ್ಲ. ದಿನಕ್ಕೆರಡು ಸಲ ರಿಲುಜೋಲ್ ಮಾತ್ರೆ ಕೊಡ್ತೀವಿ, ಅದು ಸ್ವಲ್ಪ ನಿಧಾನ ಮಾಡುತ್ತೆ ಅಷ್ಟೇ, ವಾಸಿ ಮಾಡಲ್ಲ.

ಕೆಲವರಿಗೆ ಯೋಚನೆ ಮಾಡೋ ಶಕ್ತಿಗೂ ತೊಂದ್ರೆ ಆಗುತ್ತೆ, ಅಮ್ಮಂಗೆ ಹಾಗಾಗಿಲ್ಲ, ಅವಳಿಗೆ ಎಲ್ಲಾ ಅರ್ಥ ಆಗುತ್ತೆ. ಇದನ್ನ ನಾನು ನೂರು ಸಲ ಹೇಳಿದೀನಿ, ಯಾಕಂದ್ರೆ ಮನೆಗೆ ಬಂದೋರು ಅವಳ ಎದುರೇ ನನ್ನ ಕೇಳ್ತಿದ್ರು, "ಅವ್ರಿಗೆ ಗೊತ್ತಾಗುತ್ತಾ?" ಅಂತ. ಇದ್ದಕ್ಕಿದ್ದಂಗೆ ಅಳು ಬರುತ್ತೆ, ನಿಲ್ಲೋದೇ ಇಲ್ಲ, ಅದೂ ಕಾಯಿಲೆಯದ್ದೇ ಲಕ್ಷಣ, ಬೇಜಾರಿಗೇ ಅಂತಲ್ಲ. ಇದು ಗೊತ್ತಾದ್ಮೇಲೆ ನಮ್ ಪಕ್ಕದ್ಮನೆ ಆಂಟಿ ದಿನಾ ಸಂಜೆ ಬಂದು, ಅಮ್ಮ ಅತ್ರೂ ಗಾಬರಿಯಾಗ್ದೆ, ಅವಳ ಮುಖ ನೋಡ್ಕೊಂಡೇ ಬೀದಿ ಸುದ್ದಿ ಎಲ್ಲಾ ಹೇಳ್ತಾರೆ. ಆಂಟಿ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳ್ಲಿ.

ಇನ್ನೊಂದು ಥ್ಯಾಂಕ್ಸ್ ಎದುರುಮನೆ ಹುಡುಗಂಗೆ. ಅಮ್ಮಂಗೆ ಮಾತಿನ ಜೊತೆ ಕೈಗೂ ಶಕ್ತಿ ಹೋಗಿ ಬರೆಯೋಕಾಗ್ದೇ ಇದ್ದಾಗ, ಅಕ್ಷರ ಆರಿಸಿ ಮಾತು ತಿಳಿಸೋ ಬೋರ್ಡ್ ಹುಡುಕಿದ್ರೆ ನಂಗೆ ಸಿಕ್ಕಿದ್ದೆಲ್ಲಾ ಇಂಗ್ಲಿಷು, 26 ಅಕ್ಷರದ್ದು. ನಮಗೆ ಕಾಗುಣಿತ ಬೇಕು, ಒತ್ತಕ್ಷರ ಬೇಕು. ಅವ್ನು ಮೂರು ಸಲ ಬದಲಾಯಿಸಿ ಒಂದು ಬೋರ್ಡ್ ಮಾಡ್ಕೊಟ್ಟ, ನಾವು ಸಾಲು ತೋರಿಸ್ತಾ ಹೋಗ್ಬೇಕು, ಅಮ್ಮ ಕಣ್ಣು ಮುಚ್ಚಿ ತೆಗೆದ್ರೆ ಆ ಸಾಲು, ಆಮೇಲೆ ಅಕ್ಷರ, ಆಮೇಲೆ ಗುಣಿತ, ಒತ್ತಿಗೆ ಬೇರೆ ಚೌಕ. ಅಮ್ಮ ಅದ್ರಲ್ಲಿ ಮೊದ್ಲು ಹೇಳಿದ್ದು "ಉಪ್ಪು ಜಾಸ್ತಿ". ಗಂಜಿಗೆ. ಆಗಿನ್ನೂ ಹೊಟ್ಟೆಗೆ ಟ್ಯೂಬ್ ಹಾಕಿರ್ಲಿಲ್ಲ. ನಾವೆಲ್ಲಾ ಅಡುಗೆಮನೇಲಿ ನಿಂತು ಅತ್ವಿ, ಎಷ್ಟು ತಿಂಗಳಾದ್ಮೇಲೆ ಅಮ್ಮ ಬೈದಿದ್ದು ಅಂತ.

ಇಷ್ಟು ಚಿಕ್ಕ ಮೊತ್ತ ಸಂಶೋಧನೆಗೆ ಎಲ್ಲಿ ಸಾಲುತ್ತೆ ಅಂತ ಕೆಲವರು ಕೇಳಿದ್ರಿ, ಕೇಳಿದ್ದು ತಪ್ಪಲ್ಲ. 2014ರಲ್ಲಿ ತಲೆ ಮೇಲೆ ಐಸ್ ನೀರು ಸುರ್ಕೊಳೋ ವಿಡಿಯೋ ಎಲ್ರೂ ನೋಡಿದೀವಿ, ಅದು ಇದೇ ಕಾಯಿಲೆಗೆ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹಂಗೆ ಸೇರಿದ ದುಡ್ಡಿನ ಸಹಾಯದಿಂದಾನೇ 2016ರಲ್ಲಿ ನೆಕ್1 ಅನ್ನೋ ಜೀನ್‌ಗೂ ಈ ಕಾಯಿಲೆಗೂ ಇರೋ ಸಂಬಂಧ ಪತ್ತೆಯಾಯ್ತು. ಎಸ್ಒಡಿ1 ಅನ್ನೋ ಜೀನ್ ದೋಷ ಗೊತ್ತಾಗಿದ್ದು 1993ರಲ್ಲಿ, ಆ ದೋಷ ಇರೋರಿಗೆ ಅಂತಾನೇ ಮಾಡಿದ ಔಷಧಿ ಟೋಫರ್ಸೆನ್‌ಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2023ರಲ್ಲಿ, 30 ವರ್ಷ. ಆ ದೋಷ ಇರೋರು ತುಂಬಾ ಕಮ್ಮಿ, ಅಮ್ಮಂಗೆ ಅದಿಲ್ಲ. ಅವಳಿಗೆ ಆಗೋ ಔಷಧಿ ಅವಳ ಕಾಲಕ್ಕೆ ಬರಲ್ವೇನೋ, ಅದು ಅವಳಿಗೂ ಗೊತ್ತು, ಆದ್ರೂ ಅರ್ಧ ದುಡ್ಡು ರಿಸರ್ಚಿಗೇ ಹೋಗ್ಲಿ ಅಂತ ಬೋರ್ಡಲ್ಲಿ ಹೇಳಿದ್ದು ಅವಳೇ.

ಹಾಗಾಗಿ 71,000 ರೂಪಾಯಿ ಸಂಶೋಧನೆಗೆ ಕಳಿಸಾಯ್ತು, ರಶೀದಿ ಬೇಕಾದೋರು ಮನೆಗೆ ಬಂದು ನೋಡಬಹುದು. ಉಳಿದಿದ್ರಲ್ಲಿ ಉಸಿರಾಟಕ್ಕೆ ಸಹಾಯ ಮಾಡೋ ಒಂದು ಬೈಪ್ಯಾಪ್ ಮೆಷಿನ್ ತಗೊಂಡಿದೀವಿ, ಅಮ್ಮಂದು ಬೇರೆ ಇದೆ, ಇದು ಬೇರೆಯವ್ರಿಗೆ. ಶಿವಮೊಗ್ಗ, ಭದ್ರಾವತಿ, ಸಾಗರ ಕಡೆ ಯಾರಿಗಾದ್ರೂ ಡಾಕ್ಟ್ರು ಬರೆದುಕೊಟ್ಟಿದ್ರೆ ಹೇಳಿ, ಬಾಡಿಗೆ ಬೇಡ, ಆದಾಗ ವಾಪಸ್ ಕೊಟ್ರೆ ಸಾಕು. ಬೋರ್ಡ್ ಬೇಕಾದ್ರೂ ಕೇಳಿ, ಪ್ರಿಂಟ್ ಹಾಕ್ಸಿ ಲ್ಯಾಮಿನೇಟ್ ಮಾಡ್ಸಿ ಕಳಿಸ್ತೀನಿ.