ತುಕ್ಕು ಹಿಡಿದದ್ದೆಲ್ಲ ಯುದ್ಧಕಾಲದ್ದಲ್ಲ

ಮಾನ್ಯ ಸಂಪಾದಕರೇ,

ಮುಂಬಯಿಯ ಚೋರ್ ಬಜಾರ್‌ನಲ್ಲಿ, ಪುಣೆಯ ಜೂನಾ ಬಜಾರ್‌ನಲ್ಲಿ ‘ಮಹಾಯುದ್ಧದ್ದು, ಅಸಲಿ’ ಎಂದು ಮಾರುವ ಹೆಲ್ಮೆಟ್‌ಗಳ ನಡುವೆ ಸಿನಿಮಾ ಚಿತ್ರೀಕರಣಕ್ಕೆ ಮಾಡಿಸಿದವೂ ಸೇರಿಕೊಂಡಿರುತ್ತವೆ. ಕೊಳ್ಳುವವರು ಮರುಳಾಗುವುದು ತುಕ್ಕಿಗೆ. ಉಪ್ಪುನೀರು ಚಿಮುಕಿಸಿ ಒಂದು ಮಳೆಗಾಲ ಟೆರೇಸಿನ ಮೇಲೆ ಬಿಟ್ಟರೆ ಈ ಊರಲ್ಲಿ ಯಾವ ತಗಡಿಗೂ ಮುಪ್ಪು ಬರುತ್ತದೆ. ಹೊಸ ತುಕ್ಕು ಕಿತ್ತಳೆ ಬಣ್ಣದ್ದು, ಬೆರಳಿಗೆ ಪುಡಿಯಾಗಿ ಹತ್ತುತ್ತದೆ. ಹಳೆಯದು ಕಡುಕಂದು, ಉಕ್ಕಿಗೆ ಕಚ್ಚಿಕೊಂಡಿರುತ್ತದೆ.

ಜೇಬಿನಲ್ಲಿ ಸಣ್ಣದೊಂದು ಅಯಸ್ಕಾಂತ ಇರಲಿ. ಇಂಗ್ಲೆಂಡಿನಲ್ಲಿ ಸೈನಿಕರಿಗೆಂದು ಮಾಡಿದ ಬೋಗುಣಿಯಾಕಾರದ ಹೆಲ್ಮೆಟ್, 1916ರ ಮಾದರಿಯಿರಲಿ, 1938ರ ಮಾರ್ಕ್ 2 ಇರಲಿ, ಶೇ. 12ರ ಆಸುಪಾಸು ಮ್ಯಾಂಗನೀಸ್ ಬೆರೆತ ಹ್ಯಾಡ್‌ಫೀಲ್ಡ್ ಉಕ್ಕಿನದು. ಅದಕ್ಕೆ ಅಯಸ್ಕಾಂತ ಅಂಟುವುದಿಲ್ಲ. 1916ರದ್ದರ ಅಂಚಿನ ಪಟ್ಟಿ ಬೇರೆ ಉಕ್ಕು, ಅಲ್ಲಿ ಅಂಟಿದರೆ ಗಾಬರಿ ಬೇಡ. ನೆತ್ತಿಯ ಮೇಲೆ ಇಟ್ಟು ನೋಡಿ. ಅಂಟಿದ್ದೆಲ್ಲ ನಕಲಿಯೂ ಅಲ್ಲ. ಎರಡನೇ ಯುದ್ಧದಲ್ಲಿ ಇಂಗ್ಲೆಂಡಿನ ನಾಗರಿಕ ರಕ್ಷಣೆಯವರಿಗೆ ಮೆದು ಉಕ್ಕಿನವನ್ನೂ ಹಂಚಿದ್ದರು, ಅಂತಹವುಗಳ ಅಂಚಿನಲ್ಲಿ ಗುರುತಿಗೆ ಸಣ್ಣ ತೂತುಗಳಿರುತ್ತವೆ. ಅಸಲಿಯೇ, ಆದರೆ ರಣರಂಗದ ಬೆಲೆ ತೆರಬೇಕಾಗಿಲ್ಲ. ಜರ್ಮನ್ ಹೆಲ್ಮೆಟ್‌ಗೆ ಈ ಪರೀಕ್ಷೆ ನಡೆಯದು, ಅದರ ಉಕ್ಕಿಗೆ ಅಯಸ್ಕಾಂತ ಅಂಟಿಯೇ ಅಂಟುತ್ತದೆ.

ಮಾರ್ಕ್ 2ರ ಒಳಪದರ ನೆತ್ತಿಯ ಒಂದೇ ಸ್ಕ್ರೂನಲ್ಲಿ ನಿಂತಿರುತ್ತದೆ. ಬಿಚ್ಚಿ ತೋರಿಸಲು ಕೇಳಿ. ಒಳಗೆ ಬೆವರಿನ ಕಲೆ, ಚರ್ಮ ಒಣಗಿ ಬಿರಿದ ಗೆರೆ ಕಾಣಬೇಕು. ಬಣ್ಣ ಒಂದೇ ಸಮ, ಚರ್ಮಕ್ಕೆ ಚಹಾ ಬಳಿದಂತಹ ಕಂದು ಇದ್ದರೆ ಕೈಬಿಡಿ. ಉಕ್ಕಿನ ಚಿಪ್ಪಿನ ಮೇಲಿನ ಇಸವಿಗೂ ಒಳಪದರದ ಇಸವಿಗೂ ಹೊಂದದಿದ್ದರೂ ಅನುಮಾನ ಬೇಡ: ಹರಿದ ಒಳಪದರ ಬದಲಿಸುವುದು ಸೈನ್ಯದಲ್ಲಿ ಮಾಮೂಲು.

ಸೋಲಾ ಟೋಪಿಯಲ್ಲಿ, ಅಂದರೆ ಬ್ರಿಟಿಷರ ಕಾಲದ ಬಿಸಿಲು ಟೋಪಿಯಲ್ಲಿ, ಮೋಸ ಇನ್ನೂ ಸುಲಭ. ನಮ್ಮ ಕಡೆ ಬಾಸಿಂಗ ಮಾಡುವ ಬೆಂಡೇ ಅದರ ಜೀವ. ಬಟ್ಟೆ ಹರಿದ ಕಡೆ ಇಣುಕಿ ನೋಡಿ. ಬಿಳಿಯ, ಹಗುರ, ಉಗುರೂರಿದರೆ ಕುಳಿ ಬೀಳುವ ಪದರ ಕಂಡರೆ ಬೆಂಡು. ಬೂದುಬಣ್ಣದ ನಾರು ಕಂಡರೆ ಕಾಗದದ ರಟ್ಟು. ಅಂಚಿನ ಒಂದೆಳೆ ನೂಲು ಕೇಳಿ ಪಡೆದು ಸುಡಿ. ಹತ್ತಿ ಕಾಗದದ ವಾಸನೆ ಬಿಟ್ಟು ಬೂದಿಯಾಗುತ್ತದೆ, ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ನೂಲು ಕಂಡುಹಿಡಿದದ್ದೇ 1941ರಲ್ಲಿ. ‘1914ರ ಟೋಪಿ’ಯ ಹೊಲಿಗೆಯಲ್ಲಿ ಅದಕ್ಕೇನು ಕೆಲಸ?

ಟೋಪಿಗೆ ಸಿಕ್ಕಿಸಿದ ಲೋಹದ ಬಿಲ್ಲೆಯನ್ನು ಹಿಂದು ಮುಂದು ತಿರುಗಿಸಿ. ಅಚ್ಚೊತ್ತಿ ಮಾಡಿದ ಬಿಲ್ಲೆಯ ಹಿಂಬದಿಯಲ್ಲಿ ಮುಂದಿನ ಚಿತ್ರವೇ ತಗ್ಗಾಗಿ ಮೂಡಿರುತ್ತದೆ. ಎರಕದ ನಕಲಿನ ಬೆನ್ನು ಚುಕ್ಕಿಚುಕ್ಕಿಯಾಗಿ ಒರಟು, ಅಳತೆಯಲ್ಲಿ ಅಸಲಿಗಿಂತ ಕೂದಲೆಳೆಯಷ್ಟು ಚಿಕ್ಕದು, ಏಕೆಂದರೆ ಹಿತ್ತಾಳೆ ಆರುವಾಗ ಕುಗ್ಗುತ್ತದೆ. ಅಶೋಕ ಸಿಂಹದ ಬಿಲ್ಲೆ ಹೊತ್ತ ‘ಬರ್ಮಾ ಯುದ್ಧದ ಟೋಪಿ’ಗೆ ಲೆನ್ಸ್ ಕೂಡ ಬೇಡ, ಆ ಲಾಂಛನ ಬಂದದ್ದೇ ಎರಡನೇ ಮಹಾಯುದ್ಧ ಮುಗಿದ ಮೇಲೆ, 1950ರಲ್ಲಿ.

ಇನ್ನೊಂದು ಮಾತು, ವಿದೇಶದಲ್ಲಿರುವ ಮಕ್ಕಳಿಗೆ ಕಳಿಸುವವರಿಗೆ: 1916ರದ್ದು ನೂರು ವರ್ಷ ದಾಟಿದೆ. 1972ರ ಪ್ರಾಚ್ಯವಸ್ತು ಕಾಯ್ದೆ ನೂರು ದಾಟಿದ ವಸ್ತುವಿನ ರಫ್ತನ್ನು ಬಿಗಿಹಿಡಿದಿದೆ. ಪಾರ್ಸೆಲ್ ಕಟ್ಟುವ ಮೊದಲು ಪುರಾತತ್ವ ಸರ್ವೇಕ್ಷಣಾ ಇಲಾಖೆಯಲ್ಲಿ ವಿಚಾರಿಸಿಕೊಳ್ಳಿ.

– ಒಬ್ಬ ಓದುಗ, ಮಾಟುಂಗಾ, ಮುಂಬಯಿ