ಮಗಳಿಗೊಂದು ಪತ್ರ: ಸ್ಟಾಲ್‌ನ ಕುರಿತು

ಚಿ. ಮಗಳಿಗೆ ಅಮ್ಮನ ಆಶೀರ್ವಾದಗಳು.

ಜರ್ಮನಿಯ ವೈದ್ಯ, ರಸಾಯನಶಾಸ್ತ್ರಜ್ಞ ಜಾರ್ಜ್ ಅರ್ನ್ಸ್ಟ್ ಸ್ಟಾಲ್‌ನನ್ನು ನಿಮ್ಮ ಉಪನ್ಯಾಸಕರು ಉರಿಯುವಿಕೆಯ ಬಗ್ಗೆ ತಪ್ಪು ಸಿದ್ಧಾಂತ ಕಟ್ಟಿದವನೆಂದು ಒಂದೇ ಮಾತಿನಲ್ಲಿ ಮುಗಿಸಿದರೆಂದು ನೀನು ಬರೆದಿದ್ದೆ. ವೈದ್ಯಳಾಗಬೇಕೆಂದಿರುವ ನೀನು ಆತನನ್ನು ಅಷ್ಟಕ್ಕೇ ಬಿಡಬಾರದು.

1659ರಲ್ಲಿ ಆನ್ಸ್‌ಬಾಕ್‌ನಲ್ಲಿ ಹುಟ್ಟಿದ ಸ್ಟಾಲ್ ಯೇನಾದಲ್ಲಿ ವೈದ್ಯಶಾಸ್ತ್ರ ಓದಿ, 1694ರಲ್ಲಿ ಹಾಲೆಯ ಹೊಸ ವಿಶ್ವವಿದ್ಯಾಲಯದ ಪ್ರಾಧ್ಯಾಪಕನಾದ. ಅಲ್ಲಿಗೆ ಆತನನ್ನು ಕರೆಸಿಕೊಂಡ ವೈದ್ಯ ಪ್ರಾಧ್ಯಾಪಕ ಫ್ರೀಡ್ರಿಖ್ ಹಾಫ್‌ಮನ್‌ನಿಗೂ ಆತನಿಗೂ ಮುಂದೆ ಎಣ್ಣೆ ಸೀಗೆಕಾಯಿಯ ಸಂಬಂಧವಾಯಿತು. ದೇಹವೊಂದು ಯಂತ್ರವೆಂದು ಹಾಫ್‌ಮನ್ ಹೇಳಿದರೆ, ಸತ್ತೊಡನೆ ಕೊಳೆಯತೊಡಗುವ ದೇಹ ಬದುಕಿರುವಾಗ ಕೊಳೆಯದಂತೆ ಕಾಯುವುದು ಯಾವುದು ಎಂದು ಸ್ಟಾಲ್ ಕೇಳಿದ. ಅದು ಆತ್ಮವೆಂಬುದು 1708ರ ತನ್ನ ದೊಡ್ಡ ವೈದ್ಯಗ್ರಂಥದಲ್ಲಿ ಆತ ಕೊಟ್ಟ ಉತ್ತರ. ಜ್ವರವೂ ದೇಹ ತನ್ನನ್ನು ತಾನೇ ಗುಣಪಡಿಸಿಕೊಳ್ಳುವ ಯತ್ನವೆಂದು ನಂಬಿ, ಜ್ವರ ಇಳಿಸಲು ಕೊಡುತ್ತಿದ್ದ ಸಿಂಕೋನಾ ಮರದ ತೊಗಟೆಯ ಔಷಧಿಯನ್ನೇ ವಿರೋಧಿಸಿದ್ದು ಮಾತ್ರ, ನನ್ನ ದೃಷ್ಟಿಯಲ್ಲಿ, ಹಟವೇ ಸರಿ.

ರಸಾಯನಶಾಸ್ತ್ರದಲ್ಲಿ ಆತನ ನೋಟ ಇನ್ನೂ ಹರಿತವಾಗಿತ್ತು. ಸೀಸವನ್ನು ಗಾಳಿಯಲ್ಲಿ ಬಹಳ ಹೊತ್ತು ಕಾಸಿದರೆ ಹೊಳಪಳಿದು ಹಳದಿ ಭಸ್ಮವಾಗುತ್ತದೆ. ಅದೇ ಭಸ್ಮಕ್ಕೆ ಇದ್ದಿಲ ಪುಡಿ ಬೆರೆಸಿ ಮತ್ತೆ ಕಾಸಿದರೆ ಸೀಸ ಮರಳಿ ಬರುತ್ತದೆ. ಕಮ್ಮಾರರಿಗೂ ಅದಿರು ಕರಗಿಸುವವರಿಗೂ ಇಂಥವು ಗೊತ್ತಿದ್ದವು. ಆದರೆ ಕಟ್ಟಿಗೆ ಉರಿಯುವುದು, ಲೋಹ ಭಸ್ಮವಾಗುವುದು, ಕಬ್ಬಿಣಕ್ಕೆ ತುಕ್ಕು ಹಿಡಿಯುವುದು ಎಲ್ಲವೂ ಒಂದೇ ಬಗೆಯ ಕ್ರಿಯೆ, ಇದ್ದಿಲು ಅದನ್ನು ಹಿಂದಕ್ಕೆ ತಿರುಗಿಸುತ್ತದೆ ಎಂದು ಬಿಡಿಬಿಡಿಯಾಗಿದ್ದುದನ್ನು ಒಂದು ಸೂತ್ರಕ್ಕೆ ಪೋಣಿಸಿದವನು ಸ್ಟಾಲ್. ತನಗಿಂತ ಹಿಂದಿನ ರಸಾಯನಶಾಸ್ತ್ರಜ್ಞ ಬೆಖರ್‌ನ ಗ್ರಂಥವನ್ನು 1703ರಲ್ಲಿ ಮರುಮುದ್ರಿಸಿ, ಅದರಲ್ಲಿದ್ದ ಉರಿಯುವ ಮಣ್ಣಿನ ಕಲ್ಪನೆಯನ್ನೇ ಬೆಳೆಸಿ, ಉರಿಯುವಾಗ ಹೊರಹೋಗುವ ತತ್ತ್ವಕ್ಕೆ ಫ್ಲೊಜಿಸ್ಟನ್ ಎಂಬ ಹೆಸರನ್ನು ನೆಲೆಗೊಳಿಸಿದ.

ಏನೋ ಹೊರಹೋದ ಮೇಲೂ ಭಸ್ಮ ಲೋಹಕ್ಕಿಂತ ಭಾರವಾಗುವುದೇಕೆ ಎಂಬ ಪ್ರಶ್ನೆಗೆ ಆ ಸಿದ್ಧಾಂತದಲ್ಲಿ ಸರಿಯಾದ ಉತ್ತರವಿರಲಿಲ್ಲ. ಬರ್ಲಿನ್‌ನಲ್ಲಿ ಪ್ರಷ್ಯದ ಅರಸನ ವೈದ್ಯನಾಗಿದ್ದ ಸ್ಟಾಲ್ 1734ರಲ್ಲಿ ತೀರಿಕೊಂಡು ದಶಕಗಳಾದ ಮೇಲೆ, ತಕ್ಕಡಿ ಹಿಡಿದ ಫ್ರೆಂಚ್ ರಸಾಯನಶಾಸ್ತ್ರಜ್ಞ ಲವೋಸಿಯೆ, ಹೊರಹೋಗುವುದೇನಿಲ್ಲ, ಗಾಳಿಯ ಒಂದು ಅಂಶವೇ ಬಂದು ಸೇರುತ್ತದೆ ಎಂದು ತೋರಿಸಿಕೊಟ್ಟ. ಲೆಕ್ಕ ತಲೆಕೆಳಗಾಯಿತು, ಆದರೆ ಉರಿಗೂ ತುಕ್ಕಿಗೂ ಸ್ಟಾಲ್ ಕಲ್ಪಿಸಿದ್ದ ನಂಟು ಹಾಗೆಯೇ ಉಳಿಯಿತು. ತತ್ತ್ವಜ್ಞಾನಿ ಇಮ್ಯಾನುಯೆಲ್ ಕಾಂಟ್ 1787ರಲ್ಲಿ, ನಿಸರ್ಗವನ್ನು ಪ್ರಯೋಗದ ಮೂಲಕ ಪ್ರಶ್ನಿಸಿದವರನ್ನು ಹೆಸರಿಸುವಾಗ, ಗೆಲಿಲಿಯೊ ಮತ್ತು ಟೊರಿಚೆಲ್ಲಿಯ ಜೊತೆಗೆ ಲೋಹವನ್ನು ಭಸ್ಮವಾಗಿಸಿ ಭಸ್ಮವನ್ನು ಮರಳಿ ಲೋಹವಾಗಿಸಿದ ಸ್ಟಾಲ್‌ನನ್ನೂ ಸೇರಿಸಿದ್ದಾನೆ.

ಇಂತು,
ನಿನ್ನ ಅಮ್ಮ